ಕಾರಿನ ಕನ್ನಡಿ ಯಾರ ಎತ್ತರಕ್ಕೆ?

ಯುಗಾದಿ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಫೋನು ಮಾಡಿದಾಗ, ಬೇವು ಬೆಲ್ಲದ ಬಗ್ಗೆ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ನಾನು ಕನ್ನಡಿಯ ಬಗ್ಗೆ ಬರೆಯುತ್ತೇನೆ ಎಂದೆ. ಅವರಿಗೆ ಸರಿಯಾಗಿ ಕೇಳಿಸಲಿಲ್ಲವೆಂದು ಕಾಣುತ್ತದೆ. ‘ಕನ್ನಡದ ಬಗ್ಗೆ ತಾನೆ, ಬಹಳ ಸಂತೋಷ’ ಎಂದರು. ಅಲ್ಲ ಸ್ವಾಮಿ, ಕನ್ನಡಿ. ಕಾರಿನ ಎಡಗಡೆಯ ಕನ್ನಡಿ. ಕೂತಲ್ಲಿಂದಲೇ ಗುಂಡಿ ಒತ್ತಿ ತಿರುಗಿಸುವಂಥಾದ್ದು, ಮತ್ತು ಗುಂಡಿ ಒತ್ತಿದರೆ ತಿರುಗದೇ ಇರುವಂಥಾದ್ದು. ಇದು ಬಳಗದ ಪತ್ರಿಕೆಗೆ ತಕ್ಕ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ಓದಿದ ಮೇಲೆ ತೀರ್ಮಾನಿಸಿ.

ನಮ್ಮ ಮನೆಯಲ್ಲಿರುವುದು ಒಂದೇ ಕಾರು. 2008ರ ಪೆಟ್ರೋಲ್ ಕಾರು. 2023ರ ಆಗಸ್ಟ್ 29ರಂದು ಹೊಗೆಯ ಸುಂಕದ ವಲಯ ಇಡೀ ಗ್ರೇಟರ್ ಲಂಡನ್ನಿಗೆ ವಿಸ್ತಾರವಾದಾಗ, ದಿನಕ್ಕೆ 12 ಪೌಂಡು 50 ಪೆನ್ನಿ ತೆರುವ ಶಕ್ತಿ ಇಲ್ಲದೆ ಹಳೆಯ ಡೀಸಲ್ ಕಾರನ್ನು ಮಾರಿ ಇದನ್ನು ಕೊಂಡೆವು. ಡೀಸಲ್ ಆದರೆ ಹೆಚ್ಚುಕಡಿಮೆ 2015ರ ಸೆಪ್ಟೆಂಬರಿನ ಈಚೆಯದು ಬೇಕು. ಪೆಟ್ರೋಲ್ ಆದರೆ ಸುಮಾರು 2006ರ ಈಚೆಯದು ಸಾಕು. ಹ್ಯಾರೋ, ಹೌನ್ಸ್ಲೋ, ಇಲ್ಫರ್ಡ್, ಕ್ರಾಯ್ಡನ್ ಕಡೆಯ ನಮ್ಮ ಸದಸ್ಯರಲ್ಲಿ ಇದೇ ಲೆಕ್ಕ ಹಾಕಿದವರು ನಾನೊಬ್ಬನೇ ಅಲ್ಲ. ಲೆಕ್ಕವೇನೋ ಸರಿ. ಆದರೆ ಹದಿನೈದು ದಾಟಿದ ಕಾರಿನಲ್ಲಿ ಇಂಜಿನ್ನು ಗಟ್ಟಿಯಾಗಿದ್ದರೂ ಸಣ್ಣಪುಟ್ಟ ವಿದ್ಯುತ್ ಸಾಮಾನುಗಳು ಒಂದೊಂದಾಗಿ ರಾಜೀನಾಮೆ ಕೊಡುತ್ತವೆ. ನಮ್ಮ ಕಾರಿನಲ್ಲಿ ಮೊದಲು ರಾಜೀನಾಮೆ ಕೊಟ್ಟದ್ದು ಎಡಗಡೆಯ ಕನ್ನಡಿ. ಎಡಕ್ಕೆ ಬಲಕ್ಕೆ ತಿರುಗುತ್ತಿತ್ತು, ಮೇಲಕ್ಕೆ ಕೆಳಕ್ಕೆ ಅಲುಗುತ್ತಿರಲಿಲ್ಲ.

ಇದು ಹೋದ ಅಕ್ಟೋಬರಿನ ಮಾತು. ಕನ್ನಡಿ ನಿಂತದ್ದು ನಾನು ಕಾರು ಓಡಿಸಿದ ಮರುದಿನ, ಆದ್ದರಿಂದ ನನ್ನ ಎತ್ತರಕ್ಕೆ ನಿಂತಿತು. ನಾನು ಐದು ಅಡಿ ಹತ್ತು ಅಂಗುಲ. ನನ್ನ ಹೆಂಡತಿ ಐದು ಅಡಿ ಒಂದು ಅಂಗುಲ; ಆಸ್ಪತ್ರೆಯಲ್ಲಿ ನರ್ಸ್, ವಾರಕ್ಕೆ ಮೂರು ರಾತ್ರಿ ಕಾರು ಆಕೆಯದು. ‘ಎಡಗಡೆ ಕನ್ನಡಿ ನನಗೆ ಕಾಣುವುದಿಲ್ಲ’ ಎಂದು ಆಕೆ ಮೊದಲ ವಾರವೇ ಹೇಳಿದಳು. ‘ನನಗೆ ಕಾಣುತ್ತದಲ್ಲ’ ಎಂದು ನಾನು ಹೇಳಿದೆ. ಬೇಕಾದರೆ ಇಳಿದು ಹೋಗಿ ಕೈಯಿಂದ ಒತ್ತಿಕೋ ಎಂದೂ ಸೇರಿಸಿದೆ. ಆಕೆ ನಾಲ್ಕು ದಿನ ಹಾಗೆ ಮಾಡಿದಳು. ಇಳಿಯುವುದು, ಸುತ್ತಿ ಹೋಗುವುದು, ಒತ್ತುವುದು, ಬಂದು ಕೂರುವುದು, ನೋಡುವುದು, ಜಾಸ್ತಿಯಾಯಿತೆಂದು ಮತ್ತೆ ಇಳಿಯುವುದು. ನವೆಂಬರಿನ ಮಳೆಯಲ್ಲಿ, ರಾತ್ರಿ ಏಳು ಗಂಟೆಯ ಪಾಳಿಗೆ ಹೊರಟ ಹೆಂಗಸು ಇದನ್ನು ಎಷ್ಟು ದಿನ ಮಾಡಿಯಾಳು? ಬಿಟ್ಟಳು. ಮರುದಿನ ಬೆಳಿಗ್ಗೆ ನಾನು ಕಾರು ತೆಗೆದುಕೊಂಡು ಮತ್ತೆ ನನ್ನ ಎತ್ತರಕ್ಕೆ ಒತ್ತಿಕೊಳ್ಳುತ್ತಿದ್ದೆ ಎಂಬುದನ್ನೂ ಇಲ್ಲಿ ಹೇಳಿಬಿಡುವುದು ನ್ಯಾಯ.

ಡಿಸೆಂಬರಿನಲ್ಲಿ ಎಂ.ಓ.ಟಿ. ಪರೀಕ್ಷೆ ಬಂತು, ಕಾರು ಪಾಸಾಯಿತು. ‘ನೋಡಿದೆಯಾ, ಸರ್ಕಾರವೇ ಸರಿ ಇದೆ ಅಂದಿದೆ’ ಎಂದೆ. ಈ ಮಾತನ್ನು ನಮ್ಮ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ, ಆದಕಾರಣ ಇದಕ್ಕೆ ಸ್ವಲ್ಪ ನಿಲ್ಲಬೇಕು. 1978ರ ಆಗಸ್ಟ್ 1ರ ಈಚೆಗೆ ಮೊದಲು ಬಳಕೆಗೆ ಬಂದ ಕಾರಿಗೆ ಈ ಪರೀಕ್ಷೆ ಕೇಳುವುದು ಎರಡೇ ಕನ್ನಡಿ: ಚಾಲಕನ ಕಡೆ ಹೊರಗೆ ಒಂದು, ಅದರ ಜೊತೆಗೆ ಒಳಗಿನದೋ ಎಡಗಡೆಯದೋ ಯಾವುದಾದರೂ ಒಂದು. ಬಲಗಡೆಯದು ಮತ್ತು ಒಳಗಿನದು ನೆಟ್ಟಗಿದ್ದರೆ ಎಡಗಡೆಯದರ ಮೋಟಾರು ಸತ್ತಿದೆಯೋ ಬದುಕಿದೆಯೋ ಯಾರೂ ಕೇಳುವುದಿಲ್ಲ. ಯಾರ ಕಣ್ಣಿನ ಎತ್ತರಕ್ಕೆ ಅದು ನಿಂತಿದೆ ಎಂದಂತೂ ಕೇಳುವುದೇ ಇಲ್ಲ, ಏಕೆಂದರೆ ಪರೀಕ್ಷಕನಿಗೆ ನಿಮ್ಮ ಮನೆಯಲ್ಲಿ ಎಷ್ಟು ಜನ ಆ ಕಾರು ಓಡಿಸುತ್ತಾರೆಂದು ಹೇಗೆ ಗೊತ್ತಾಗಬೇಕು? ಪರೀಕ್ಷೆ ನೋಡುವುದು ಕಾರನ್ನು, ಕುಟುಂಬವನ್ನಲ್ಲ.

ಫೆಬ್ರವರಿಯ ಒಂದು ಸಂಜೆ ಕೆಂಟನ್ ರೋಡಿನಲ್ಲಿ ಆಕೆ ಎಡಕ್ಕೆ ತಿರುಗಿಸಲು ಹೊರಟಿದ್ದಳು. ದೀಪ ಹಾಕಿದ್ದಳು, ಕನ್ನಡಿ ನೋಡಿದ್ದಳು. ಕನ್ನಡಿಯಲ್ಲಿ ಏನೂ ಇರಲಿಲ್ಲ. ಎಡಬದಿಯಲ್ಲಿ ನೇರ ಹೋಗುತ್ತಿದ್ದ ಸೈಕಲ್ ಸವಾರನೊಬ್ಬ ಇದ್ದ. ಕೊನೆಯ ಗಳಿಗೆಯಲ್ಲಿ ಭುಜದ ಮೇಲಿಂದ ಹೊರಳಿ ನೋಡಿ ಬ್ರೇಕು ಹಾಕಿದಳು. ಆತ ಕಾರಿನ ಚಾವಣಿಯ ಮೇಲೆ ಅಂಗೈಯಿಂದ ಜೋರಾಗಿ ಬಡಿದು, ಏನೋ ಕೂಗಿ, ಹೊರಟುಹೋದ. ಯಾರಿಗೂ ಏನೂ ಆಗಲಿಲ್ಲ. 2022ರ ಜನವರಿಯಲ್ಲಿ ತಿದ್ದುಪಡಿಯಾದ ಹೈವೇ ಕೋಡ್ ಪ್ರಕಾರ, ನೇರ ಹೋಗುವ ಸೈಕಲ್ಲಿಗೆ ಅಡ್ಡವಾಗಿ ಕಾರು ತಿರುಗಿಸಬಾರದು. ಆದ್ದರಿಂದ ಏನಾದರೂ ಆಗಿದ್ದರೆ ತಪ್ಪು ನಮ್ಮದೇ. ನಮ್ಮದು ಅಂದರೆ ಕಾಗದದ ಮೇಲೆ ಆಕೆಯದು.

ಮನೆಗೆ ಬಂದು ಆಕೆ ಜಗಳವಾಡಲಿಲ್ಲ. ಕೀಲಿಕೈಯನ್ನು ಮೇಜಿನ ಮೇಲೆ ಇಟ್ಟು, ‘ಬಂದು ನನ್ನ ಜಾಗದಲ್ಲಿ ಕೂತು ನೋಡಿ’ ಎಂದಳು ಅಷ್ಟೆ. ಹೋದೆ. ಆಸನ ಆಕೆಗೆ ಬೇಕಾದ ಹಾಗೆ ಮುಂದಕ್ಕೆ ಸರಿದಿತ್ತು, ನನ್ನ ಮಂಡಿ ಸ್ಟಿಯರಿಂಗಿಗೆ ತಗುಲುತ್ತಿತ್ತು. ತಲೆಯನ್ನು ಆಕೆಯ ಕಣ್ಣಿನ ಮಟ್ಟಕ್ಕೆ ತಗ್ಗಿಸಿ ಕನ್ನಡಿ ನೋಡಿದೆ. ಎದುರು ಸಾಲಿನ ಮನೆಗಳ ಚಿಮಣಿ ಕಂಡಿತು. ಬಸ್ಸು ಬಂದರೆ ಅದರ ಮೇಲಿನ ಅಂತಸ್ತು ಕಾಣುತ್ತಿತ್ತು. ಸೈಕಲ್ಲು ಬಂದರೆ ಏನೂ ಕಾಣುತ್ತಿರಲಿಲ್ಲ. ನಾಲ್ಕು ತಿಂಗಳು ಆಕೆ ಓಡಿಸಿದ್ದು ಆ ಚಿಮಣಿ ನೋಡಿಕೊಂಡು.

ಕಾರಿಗೆ ಕನ್ನಡಿ ಬೇಕೆಂದು ಮೊದಲು ಬರೆದವರಲ್ಲಿ ಒಬ್ಬಳು ಹೆಂಗಸೇ, ಅದೂ ಲಂಡನ್ನಿನವಳೇ. ಹ್ಯಾಕ್ನಿಯಲ್ಲಿ ಹುಟ್ಟಿದ ಡೊರೊತಿ ಲೆವಿಟ್ ಎಂಬಾಕೆ, ಕಾರು ರೇಸಿನಲ್ಲಿ ಹೆಸರು ಮಾಡಿದವಳು, 1909ರಲ್ಲಿ ಹೆಂಗಸರಿಗಾಗಿ ಒಂದು ಮೋಟಾರು ಪುಸ್ತಕ ಬರೆದಳು. ಕಾರಿನಲ್ಲಿ ಒಂದು ಕೈಗನ್ನಡಿ ಇಟ್ಟುಕೊಳ್ಳಿ, ದಟ್ಟಣೆಯಲ್ಲಿ ಅದನ್ನು ಎತ್ತಿ ಹಿಡಿದು ಹಿಂದೆ ನೋಡಬಹುದು ಎಂಬ ಸಲಹೆ ಅದರಲ್ಲಿದೆ. ಇಂಡಿಯಾನಾಪೊಲಿಸಿನ ಓಟದಲ್ಲಿ ರೇ ಹ್ಯಾರೂನ್ ಕಾರಿಗೆ ಕನ್ನಡಿ ಕಟ್ಟಿಕೊಂಡು ಗೆದ್ದದ್ದು ಅದಾದ ಎರಡು ವರ್ಷಕ್ಕೆ, 1911ರಲ್ಲಿ. ಕೀರ್ತಿ ಬಹುಮಟ್ಟಿಗೆ ಅವನಿಗೇ ಹೋಯಿತು.

ನಾನು ಕಾರು ಕಲಿತದ್ದು ಬೆಂಗಳೂರಿನಲ್ಲಿ, ಭಾವನ ಮಾರುತಿ 800ರಲ್ಲಿ. ಅಗ್ಗದ ಮಾದರಿ, ಎಡಗಡೆ ಕನ್ನಡಿಯೇ ಇರಲಿಲ್ಲ. ಕನ್ನಡಿ ಎಲ್ಲಿ ಎಂದು ಕೇಳಿದರೆ, ‘ಹಾರನ್ ಇದೆಯಲ್ಲ’ ಎಂದಿದ್ದ. ಬಲಗಡೆಯದನ್ನೂ ಆಟೋದವರು ತಗುಲಿಸುತ್ತಾರೆಂದು ಒಳಕ್ಕೆ ಮಡಿಸಿಡುತ್ತಿದ್ದ. ಎಡಗಡೆಯ ಕನ್ನಡಿ ಅಲಂಕಾರಕ್ಕೆ ಎಂಬ ಭಾವನೆ ನಮ್ಮ ತಲೆಮಾರಿನ ಗಂಡಸರ ರಕ್ತದಲ್ಲಿ ಎಲ್ಲೋ ಸೇರಿಕೊಂಡಿದೆ. ಇದು ನೆಪವಲ್ಲ, ಕಾರಣ ಹೇಳುತ್ತಿದ್ದೇನೆ. ಆದರೆ ಅದೇ ಬೆಂಗಳೂರಿನಲ್ಲಿ ಕನ್ನಡಿ ಒಡೆದರೆ ಜೆ.ಸಿ. ರೋಡಿಗೋ ಶಿವಾಜಿನಗರದ ಗುಜರಿಗೋ ಹೋಗಿ ಬರೀ ಗಾಜು ಹುಡುಕಿ ತರುತ್ತಿದ್ದೆವು. ಇಲ್ಲಿಗೆ ಬಂದ ಮೇಲೆ ಆ ಬುದ್ಧಿಯನ್ನು ವಿಮಾನದಲ್ಲೇ ಬಿಟ್ಟುಬಂದೆವೋ ಏನೋ. ನಮ್ಮವರು ಮಾಡುವುದು ಎರಡರಲ್ಲಿ ಒಂದು: ಒಂದೋ ತಿಂಗಳುಗಟ್ಟಲೆ ಹಾಗೇ ಓಡಿಸುವುದು, ಇಲ್ಲವೋ ಗ್ಯಾರೇಜಿನವನು ಹೇಳಿದ ಬೆಲೆ ಕೊಟ್ಟು ಇಡೀ ಕನ್ನಡಿಯನ್ನೇ ಬದಲಾಯಿಸುವುದು. ಮಧ್ಯದ ಹಾದಿ ಒಂದಿದೆ. ಕೆಟ್ಟದ್ದು ಎಲ್ಲಿ ಎಂದು ಮೊದಲು ಕಂಡುಹಿಡಿಯುವುದು.

ನನಗೆ ಗ್ಯಾರೇಜಿನವರು ಹೇಳಿದ್ದು 340 ಪೌಂಡು, ಬಣ್ಣ ಸೇರಿ. ಒಳಗೆ ಏನಾಗಿದೆ ಎಂದು ಕೇಳಿದರೆ, ಬಿಚ್ಚಿ ನೋಡುವ ಕೂಲಿಯೇ ಹೆಚ್ಚಾಗುತ್ತದೆ, ಪೂರ್ತಿ ಬದಲಾಯಿಸುವುದೇ ಲಾಭ ಎಂದರು. ಅವರ ದೃಷ್ಟಿಯಿಂದ ಸುಳ್ಳಲ್ಲ. ಅವರ ಗಂಟೆಗೆ ಬೆಲೆ ಇದೆ, ನಮ್ಮ ಭಾನುವಾರಕ್ಕೆ ಇಲ್ಲ. ನಮ್ಮ ಬೀದಿಯಲ್ಲಿ ನಿವೃತ್ತ ಐರಿಷ್ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ. ಅವರು ಬೇಲಿಯಾಚೆಯಿಂದ ಹೇಳಿದ್ದು ಇಷ್ಟು: ಏನನ್ನೂ ಬಿಚ್ಚಬೇಡ, ಮೊದಲು ಕಿವಿಗೊಟ್ಟು ಕೇಳು.

ಕನ್ನಡಿಯ ಗಾಜಿನ ಹಿಂದೆ ಎರಡು ಪುಟ್ಟ ಮೋಟಾರುಗಳಿರುತ್ತವೆ. ಒಂದು ಮೇಲೆ ಕೆಳಗೆ, ಇನ್ನೊಂದು ಆಚೆ ಈಚೆ. ಸ್ವಿಚ್ಚು ಮಾಡುವ ಕೆಲಸ ವಿದ್ಯುತ್ತಿನ ದಿಕ್ಕನ್ನು ಅದಲುಬದಲು ಮಾಡುವುದು. ದಿಕ್ಕು ಬದಲಾದರೆ ಮೋಟಾರು ತಿರುಗುಮುರುಗು ಓಡುತ್ತದೆ. ಹಳೆಯ ಕಾರುಗಳಲ್ಲಿ ಇದಕ್ಕೆಲ್ಲ ಸಾಮಾನ್ಯವಾಗಿ ಮೂರೇ ತಂತಿ. ಎರಡು ಮೋಟಾರಿಗೂ ಸೇರಿದ್ದು ಒಂದು, ಒಂದೊಂದಕ್ಕೆ ಬೇರೆ ಬೇರೆ ಇನ್ನೆರಡು. ಇಷ್ಟು ತಿಳಿದರೆ ಅರ್ಧ ಕೆಲಸ ಆದ ಹಾಗೆ. ಎರಡು ಕಡೆಯ ಕನ್ನಡಿಗಳೂ ಒಟ್ಟಿಗೆ ನಿಂತಿದ್ದರೆ ಕನ್ನಡಿಗಳನ್ನು ಬಯ್ಯಬೇಡಿ. ಫ್ಯೂಸೋ ಸ್ವಿಚ್ಚೋ ಹೋಗಿರುತ್ತದೆ. ಒಂದು ಕನ್ನಡಿ ಯಾವ ದಿಕ್ಕಿಗೂ ಅಲುಗದಿದ್ದರೆ ಅದಕ್ಕೆ ಹೋಗುವ ಜೋಡಣೆಯನ್ನೋ ಎರಡಕ್ಕೂ ಸೇರಿದ ತಂತಿಯನ್ನೋ ಸಂಶಯಿಸಬೇಕು. ನಮ್ಮದರ ಹಾಗೆ ಒಂದು ದಿಕ್ಕಿಗೆ ಮಾತ್ರ ನಿಂತಿದ್ದರೆ ಒಂದು ಮೋಟಾರು ಅಥವಾ ಒಂದು ತಂತಿ.

ಇನ್ನು ಕಿವಿಯ ವಿಷಯ. ಗುಂಡಿ ಒತ್ತಿದಾಗ ಒಳಗೆ ಗುಂಯ್ ಎಂಬ ಸದ್ದು ಬಂದು ಗಾಜು ಅಲುಗದಿದ್ದರೆ ಮೋಟಾರು ಜೀವಂತ, ಅದರ ಪ್ಲಾಸ್ಟಿಕ್ ಹಲ್ಲು ಸವೆದಿದೆ ಅಥವಾ ಗಾಜಿನ ತಟ್ಟೆ ಗುಣಿಯಿಂದ ಕಳಚಿದೆ. ಕಳಚಿದ ತಟ್ಟೆ ಎಷ್ಟೋ ಸಲ ಅಂಗೈಯಿಂದ ನಡುವೆ ಒತ್ತಿದರೆ ‘ಟಕ್’ ಎಂದು ಕೂರುತ್ತದೆ. ಸದ್ದೇ ಇಲ್ಲದಿದ್ದರೆ ವಿದ್ಯುತ್ತು ಬರುತ್ತಿಲ್ಲ, ಇಲ್ಲವೇ ಮೋಟಾರು ಸತ್ತಿದೆ. ಕೊನೆಯವರೆಗೆ ತಿರುಗಿದ ಮೇಲೂ ಗುಂಡಿ ಒತ್ತಿ ಹಿಡಿದರೆ ಟಕಟಕ ಎನ್ನುವುದು ಮಾತ್ರ ದೋಷವಲ್ಲ. ಮೋಟಾರು ಸುಡದಿರಲೆಂದು ಒಳಗಿನ ಕ್ಲಚ್ಚು ಜಾರುತ್ತಿರುತ್ತದೆ.

ದೋಷವಲ್ಲದ ದೋಷಗಳು ಇನ್ನೂ ಇವೆ. ಬಾಗಿಲಿನ ಸ್ವಿಚ್ಚಿಗೆ ಎಡ, ಬಲ, ನಡು ಎಂದು ಮೂರು ಸ್ಥಾನ. ನಡುವೆ ಇದ್ದರೆ ಯಾವುದೂ ಕೆಲಸ ಮಾಡುವುದಿಲ್ಲ. ಕಾರು ಒರೆಸುವಾಗ ಬಟ್ಟೆ ತಗುಲಿ ನಡುವಿಗೆ ಬಂದಿರುತ್ತದೆ. ಬಳಗದ ಹಿರಿಯರೊಬ್ಬರು ಇದಕ್ಕಾಗಿ ಗ್ಯಾರೇಜಿಗೆ ಹೋಗಿ ಬಂದರು (ಹೆಸರು ಹೇಳುವುದಿಲ್ಲ, ಅವರೇ ಓದಿ ನಗುತ್ತಾರೆ). ಇನ್ನೊಬ್ಬರ ಹೊಸ ಕಾರಿನಲ್ಲಿ ಎಡಗನ್ನಡಿ ಆಗಾಗ ತಾನೇ ತಲೆ ಬಗ್ಗಿಸುತ್ತಿತ್ತು. ರಿವರ್ಸ್ ಗೇರು ಹಾಕಿದಾಗ ಫುಟ್‌ಪಾತಿನ ಅಂಚು ಕಾಣಲೆಂದು ತಯಾರಕರೇ ಕೊಟ್ಟ ಸೌಕರ್ಯ ಅದು. ಅವರು ಎರಡು ತಿಂಗಳು ಅದನ್ನು ದೆವ್ವವೆಂದು ತಿಳಿದಿದ್ದರು.

ಫ್ಯೂಸಿನ ಬಗ್ಗೆ ಒಂದು ಮಾತು. ಕನ್ನಡಿಯ ಮೋಟಾರು ಎಳೆಯುವುದು ಸಾಮಾನ್ಯವಾಗಿ ಒಂದು ಆಂಪಿಯರಿಗಿಂತ ಕಡಿಮೆ, ಆದ್ದರಿಂದ ಫ್ಯೂಸು ಸುಮ್ಮಸುಮ್ಮನೆ ಹೋಗುವುದಿಲ್ಲ. ಹೋಗಿದ್ದರೆ ಅಷ್ಟೇ ಆಂಪಿಯರಿನದನ್ನು ಒಮ್ಮೆ ಹಾಕಿ ನೋಡಿ. ಅದೂ ಹೋದರೆ ಎಲ್ಲೋ ತಂತಿ ತಗಡಿಗೆ ತಗುಲುತ್ತಿದೆ. ದೊಡ್ಡ ಫ್ಯೂಸು ಹಾಕಿ ಗೆದ್ದೆ ಎಂದುಕೊಳ್ಳಬೇಡಿ, ಮುಂದೆ ಸುಡುವುದು ಫ್ಯೂಸಲ್ಲ.

ನಮ್ಮ ಕಾರಿನಲ್ಲಿ ಸದ್ದಿರಲಿಲ್ಲ. ಫ್ಯೂಸು ಸರಿ ಇತ್ತು. ಬಲಗಡೆಯದು ನಾಲ್ಕು ದಿಕ್ಕಿಗೂ ತಿರುಗುತ್ತಿದ್ದುದರಿಂದ ಸ್ವಿಚ್ಚೂ ಬಹುಶಃ ಸರಿ. ಹತ್ತು ಹದಿನೈದು ಪೌಂಡಿನ ಮಲ್ಟಿಮೀಟರ್ ಒಂದನ್ನು ಆ ಐರಿಷ್ ಹಿರಿಯರೇ ಕೊಟ್ಟರು. ಕನ್ನಡಿಯ ಗಾಜು ತೆಗೆದು ಮೋಟಾರಿನ ಜೋಡಣೆಗೆ ಮೀಟರು ಹಿಡಿದು, ಹೆಂಡತಿಗೆ ಗುಂಡಿ ಒತ್ತಲು ಹೇಳಿದೆ. ಆಚೆ ಈಚೆ ಒತ್ತಿದಾಗ 12 ವೋಲ್ಟು ಬಂತು. ಮೇಲೆ ಕೆಳಗೆ ಒತ್ತಿದಾಗ ಏನೂ ಇಲ್ಲ. ಎಂದರೆ ಮೋಟಾರು ನಿರಪರಾಧಿ. ತಂತಿ ಬರುವ ದಾರಿಯಲ್ಲೇ ಕಳ್ಳ ಇದ್ದಾನೆ.

ದಾರಿಯಲ್ಲಿ ಅತಿ ಕಷ್ಟದ ಜಾಗ ಯಾವುದು? ಬಾಗಿಲು ತೆರೆದರೆ ಕೀಲಿನ ಹತ್ತಿರ, ಕಾರಿನ ಮೈಯಿಂದ ಬಾಗಿಲಿನೊಳಕ್ಕೆ ಹೋಗುವ ಸುಕ್ಕುಸುಕ್ಕಾದ ರಬ್ಬರ್ ಕೊಳವೆ ಕಾಣುತ್ತದೆ. ಬಾಗಿಲಿನ ತಂತಿಗಳೆಲ್ಲ ಅದರೊಳಗೆ. ಬಾಗಿಲು ತೆಗೆದು ಹಾಕಿದಾಗಲೆಲ್ಲ ಅವು ಬಾಗುತ್ತವೆ; ದಿನಕ್ಕೆ ಹತ್ತು ಸಲವೆಂದರೂ ಹದಿನೈದು ವರ್ಷಕ್ಕೆ ಐವತ್ತು ಸಾವಿರ ಸಲ ದಾಟಿತು. ರಬ್ಬರನ್ನು ಹಿಂದಕ್ಕೆ ಸರಿಸಿ ಒಂದೊಂದೇ ತಂತಿಯನ್ನು ಮೆಲ್ಲಗೆ ಎಳೆದೆ. ಹಸಿರು ತಂತಿಯೊಂದು ಹೊರಗಿನ ಹೊದಿಕೆ ಸರಿ ಇದ್ದಂತೆ ಕಂಡರೂ ರಬ್ಬರ್‌ಬ್ಯಾಂಡಿನ ಹಾಗೆ ಉದ್ದವಾಯಿತು. ಒಳಗೆ ತಾಮ್ರ ತುಂಡಾಗಿತ್ತು. ತುಂಡಾದ ಜಾಗದಲ್ಲೇ ಬೆಸುಗೆ ಹಾಕಿದರೆ ಅಲ್ಲಿ ಗಡುಸಾಗಿ ಮತ್ತೆ ಮುರಿಯುತ್ತದೆ. ಆದ್ದರಿಂದ ಎರಡು ಕಡೆಯೂ ಸ್ವಲ್ಪ ಕತ್ತರಿಸಿ, ಮೆತ್ತನೆಯ ಹೊಸ ತಂತಿ ಸೇರಿಸಿ, ಗಂಟುಗಳು ಕೊಳವೆಯ ಹೊರಗೆ ಬರುವಂತೆ ನೋಡಿಕೊಂಡೆವು. ಖರ್ಚು ಮೂರು ಪೌಂಡಿನೊಳಗೆ. ಹೊತ್ತು, ಕಾಫಿಯೂ ಸೇರಿ, ಎರಡೂವರೆ ಗಂಟೆ. 340 ಪೌಂಡು ಕೊಟ್ಟು ಹೊಸ ಕನ್ನಡಿ ಹಾಕಿಸಿದ್ದರೆ ಅದೂ ಮೇಲೆ ಕೆಳಗೆ ಅಲುಗುತ್ತಿರಲಿಲ್ಲ ಎಂಬುದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಎಲ್ಲರಿಗೂ ಹೀಗೇ ಆಗುತ್ತದೆಂದು ನಾನು ಹೇಳುವುದಿಲ್ಲ. ಈಚಿನ ಕಾರುಗಳಲ್ಲಿ ಸ್ವಿಚ್ಚು ವಿದ್ಯುತ್ತನ್ನು ಕಳಿಸುವುದಿಲ್ಲ, ಸಂದೇಶ ಕಳಿಸುತ್ತದೆ. ಬಾಗಿಲೊಳಗಿನ ಪುಟ್ಟ ಕಂಪ್ಯೂಟರು ಅದನ್ನು ಓದಿ ಮೋಟಾರು ತಿರುಗಿಸುತ್ತದೆ. ಅಂಥಾದ್ದಕ್ಕೆ ಗೊತ್ತಿಲ್ಲದ ತಂತಿಗೆ 12 ವೋಲ್ಟು ಮುಟ್ಟಿಸಿದರೆ ಸಣ್ಣ ರೋಗಕ್ಕೆ ದೊಡ್ಡ ಶಸ್ತ್ರಚಿಕಿತ್ಸೆ ಆದೀತು. ಅಲ್ಲಿ ಯಂತ್ರ ಜೋಡಿಸಿ ದೋಷದ ಸಂಖ್ಯೆ ಓದಿಸುವುದೇ ಸರಿ. ಬಾಗಿಲಿನ ಒಳಹಲಗೆ ಬಿಚ್ಚಬೇಕಾದರೆ ಪಕ್ಕದ ಏರ್‌ಬ್ಯಾಗಿನ ವ್ಯವಸ್ಥೆ ಅಲ್ಲಿರಬಹುದು; ಕೈಪಿಡಿ ಓದದೆ, ಬ್ಯಾಟರಿ ಕಳಚದೆ ಕೈ ಹಾಕಬೇಡಿ. ಗಾಜು ತೆಗೆಯುವಾಗ ಕೈಗವಸು ಹಾಕಿಕೊಳ್ಳಿ, ಚಳಿಯಲ್ಲಿ ಮಾಡಬೇಡಿ, ಪ್ಲಾಸ್ಟಿಕ್ಕು ಪುಟುಕ್ಕೆಂದು ಮುರಿಯುತ್ತದೆ.

ಚಳಿ ಎಂದಾಗ ನೆನಪಾಯಿತು. 2022ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಹಿಮ ಬಿದ್ದ ವಾರ ನಮ್ಮ ಬೀದಿಯಲ್ಲಿ ಒಬ್ಬರು ಚೊಂಬಿನಲ್ಲಿ ಬಿಸಿನೀರು ತಂದು ಕನ್ನಡಿಗೆ ಹುಯ್ದರು. ಅವರು ಯಾವ ಸೀಮೆಯವರೆಂದು ಚೊಂಬು ನೋಡಿದರೇ ತಿಳಿಯುತ್ತಿತ್ತು. ಗಾಜು ಬಿರಿಯಿತು. ಹಿಂಬದಿ ಗಾಜಿನ ಹಿಮ ಕರಗಿಸುವ ಗುಂಡಿ ಒತ್ತಿದರೆ ಬಹಳ ಕಾರುಗಳಲ್ಲಿ ಪಕ್ಕದ ಕನ್ನಡಿಗಳೂ ಕಾಯುತ್ತವೆ. ಐದು ನಿಮಿಷ ತಾಳ್ಮೆ ಬೇಕು. ಹಿಮ ಹಿಡಿದ ಕನ್ನಡಿಯ ಗುಂಡಿ ಒತ್ತುವುದು, ಮಡಿಸಲು ಹೋಗುವುದು, ಒಳಗಿನ ಹಲ್ಲು ಮುರಿಯಲು ಅತ್ಯುತ್ತಮ ಉಪಾಯ.

ಕೊನೆಗೆ ಇಡೀ ಕನ್ನಡಿಯನ್ನೇ ಕೊಳ್ಳಬೇಕಾಗಿ ಬಂದರೂ ಹೊಸದೇ ಆಗಬೇಕಿಲ್ಲ. ಹಳೆ ಕಾರು ಒಡೆಯುವ ಅಂಗಳಗಳಲ್ಲಿ ಸಿಗುತ್ತವೆ. ಇಲ್ಲಿ ‘ನಿಯರ್‌ಸೈಡ್’ ಎಂದರೆ ಎಡ, ‘ಆಫ್‌ಸೈಡ್’ ಎಂದರೆ ಬಲ. ಇದನ್ನು ತಿರುಗಾಮುರುಗಾ ಮಾಡಿ ತರಿಸಿಕೊಂಡವರುಂಟು. ಜೋಡಣೆಯಲ್ಲಿ ಎಷ್ಟು ಕಡ್ಡಿಗಳಿವೆ ಎಂದು ಎಣಿಸಿಕೊಂಡು ಹೋಗಿ. ಯೂರೋಪಿನಿಂದ ಅಗ್ಗವಾಗಿ ಬರುವುದು ಅಲ್ಲಿನ ಎಡಚಾಲನೆಯ ಕಾರಿನದಾಗಿರಬಹುದು, ಅದರ ಕೋನವೇ ಬೇರೆ.

ಇದರಲ್ಲಿ ನನ್ನ ಅಭಿಪ್ರಾಯವೆಂಬುದು ಎಲ್ಲಿ ಬಂತು ಎಂದು ಸಂಪಾದಕರು ಕೇಳಬಹುದು. ನಮ್ಮ ಬಳಗದಲ್ಲಿ ಇಂಜಿನಿಯರುಗಳಿಗೆ ಬರವಿಲ್ಲ. ಆದರೂ ನನಗೆ ತಿಳಿದಂತೆ ಮನೆಯ ಕಾರಿನಲ್ಲಿ ಯಾವುದು ಮೊದಲು ರಿಪೇರಿಯಾಗುತ್ತದೆ ಎಂಬುದನ್ನು ಕಾರು ತೀರ್ಮಾನಿಸುವುದಿಲ್ಲ. ಹಾಡು ಕೇಳುವ ಪೆಟ್ಟಿಗೆ ಕೆಟ್ಟರೆ ಶನಿವಾರದೊಳಗೆ ಸರಿಯಾಗುತ್ತದೆ, ಏಕೆಂದರೆ ಅದು ನನಗೆ ಬೇಕು. ಕನ್ನಡಿ ನನ್ನ ಎತ್ತರಕ್ಕೆ ನಿಂತರೆ ಅದು ಕೆಟ್ಟಿದೆ ಎಂದೇ ನನಗೆ ಅನ್ನಿಸುವುದಿಲ್ಲ. ಕಾರು ಕಲಿಯುತ್ತಿರುವ ಹದಿನೇಳರ ಮಗಳಿಗೆ, ಊರಿಂದ ಬಂದು ಇಲ್ಲಿನ ಲೈಸೆನ್ಸು ಪಡೆದ ಅತ್ತಿಗೆಗೆ, ರಾತ್ರಿ ಪಾಳಿಯ ಹೆಂಡತಿಗೆ ಏನು ಕಾಣುತ್ತದೆ ಎಂದು ಅವರ ಆಸನದಲ್ಲಿ ಕೂತು ನೋಡಿದ ಗಂಡಸರು ನಮ್ಮಲ್ಲಿ ಎಷ್ಟು ಮಂದಿ? ನಾನು ನಾಲ್ಕು ತಿಂಗಳು ನೋಡಲಿಲ್ಲ.

ಹಾಗಾಗಿ ಒಂದು ಸಣ್ಣ ಸೂಚನೆ. ಬಳಗದ ಹಣದಲ್ಲಿ ಒಂದು ಮಲ್ಟಿಮೀಟರ್, ಗಾಜು ತೆಗೆಯುವ ಪ್ಲಾಸ್ಟಿಕ್ ಪಟ್ಟಿ, ಒಂದು ಡಬ್ಬಿ ಫ್ಯೂಸು, ಸ್ವಲ್ಪ ತಂತಿ, ಇಷ್ಟನ್ನು ಕೊಂಡು ಒಂದು ಪೆಟ್ಟಿಗೆಯಲ್ಲಿಟ್ಟು ಸದಸ್ಯರಿಗೆ ಸರದಿಯ ಮೇಲೆ ಕೊಡಬೇಕು. ಬಿಸಿಬೇಳೆಬಾತಿನ ದೊಡ್ಡ ಪಾತ್ರೆಗಳನ್ನು ಹಾಗೆಯೇ ಕೊಡುತ್ತೇವಲ್ಲ. ಸಮಿತಿ ಒಪ್ಪುವವರೆಗೆ ನನ್ನದನ್ನೇ ತರುತ್ತೇನೆ. ಯುಗಾದಿ ಕಾರ್ಯಕ್ರಮದ ದಿನ ಶಾಲೆಯ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದೂವರೆಯವರೆಗೆ ನಿಂತಿರುತ್ತೇನೆ. ಕಾರನ್ನು ಹೆಚ್ಚು ಓಡಿಸುವವರು ಯಾರೋ ಅವರೇ ಕೀಲಿಕೈ ತರಬೇಕು, ಅವರೇ ಆಸನದಲ್ಲಿ ಕೂರಬೇಕು. ಊಟಕ್ಕೆ ಮುಂಚೆಯೇ ಬನ್ನಿ. ಒಬ್ಬಟ್ಟು ತಿಂದ ಮೇಲೆ ಬಗ್ಗಿ ಫ್ಯೂಸ್ ಪೆಟ್ಟಿಗೆ ನೋಡುವುದು ನನ್ನ ಕೈಲಾಗದು.